ಮೂರೂರಿನ ಸರ್

ಹೋದ ವಾರ ಅಂಗಡಿಗೆ ಹೊಸ ಸ್ಟ್ಯಾಂಪ್ ಪ್ಯಾಡ್ ತಂದೆ. ಹಳೆಯದು ಒಣಗಿಹೋಗಿ, ಎಷ್ಟು ಒತ್ತಿದರೂ ಮೊಹರು ಅರ್ಧವೇ ಮೂಡುತ್ತಿತ್ತು. ಹೊಸದರ ಮುಚ್ಚಳ ತೆಗೆದು ನೇರಳೆ ಶಾಯಿಯನ್ನು ಹನಿಹನಿಯಾಗಿ ಬಿಡುತ್ತಿದ್ದಾಗ ಆ ವಾಸನೆ ಬಂತು... ಸೀಮೆಎಣ್ಣೆಯೂ ಅಲ್ಲ, ಔಷಧಿಯೂ ಅಲ್ಲ, ಹಳೆಯ ಕಚೇರಿಯ ಬೀರು ತೆರೆದಾಗ ಬರುವಂಥದ್ದು. ಬೆರಳಿಗೆ ಹತ್ತಿದ್ದು ಎರಡು ದಿನ ಹೋಗಲಿಲ್ಲ. ಊಟಕ್ಕೆ ಕೂತರೂ ಅದೇ. ಹೆಂಡತಿ "ಸಾಬೂನು ಹಚ್ಚಿ ಬರೋಬ್ಬರಿ ತಿಕ್ರೀ" ಎಂದಳು. ಸಾಬೂನಿಗೆ ಹೋಗುವಂಥದ್ದಾಗಿದ್ದರೆ ಹನ್ನೆರಡು ವರ್ಷದ ಹಿಂದೆಯೇ ಹೋಗಬೇಕಿತ್ತು.

ನನ್ನದು ಮಸ್ಕಿಯಲ್ಲಿ, ಬಸ್ ನಿಲ್ದಾಣದ ಎದುರಿಗೆ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಅದೊಂದರಿಂದಲೇ ಹೊಟ್ಟೆ ತುಂಬುವುದಿಲ್ಲ. ಒಂದು ಪತ್ರಿಕೆಗೆ ಊರಿನ ಸುದ್ದಿ ಕಳಿಸುತ್ತೇನೆ, ಮದುವೆಯ ಫೋಟೊ ತೆಗೆಯುತ್ತೇನೆ, ಅರ್ಜಿ ತುಂಬಿಕೊಡುತ್ತೇನೆ. ಬೀಗರ ಮನೆಯಲ್ಲಿ ಯಾರಾದರೂ "ಏನ್ ಕೆಲಸ ಮಾಡ್ತೀರಿ?" ಎಂದು ಕೇಳಿದರೆ ಒಂದೇ ಮಾತಿನಲ್ಲಿ ಹೇಳಲು ಆಗದೆ ನೀರು ಕುಡಿಯುವ ನೆವ ಮಾಡುತ್ತೇನೆ. ಹೀಗೆ ತುಂಡು ತುಂಡು ಕೆಲಸ ಹೊಲಿದು ಸಂಸಾರಕ್ಕೆ ಹೊದಿಸುವುದನ್ನು ನಾನು ಕಲಿತದ್ದು ನಮ್ಮ ಓಣಿಯಲ್ಲೇ ಇದ್ದ ಸರ್ ಅವರಿಂದ.

ಸರ್ ಇತಿಹಾಸದ ಉಪನ್ಯಾಸಕರು. ಬೆಳಿಗ್ಗೆ ಎಂಟಕ್ಕೆ ಲಿಂಗಸುಗೂರಿನ ಒಂದು ಟ್ರಸ್ಟಿನ ಕಾಲೇಜಿನಲ್ಲಿ ಪಾಠ. ನಾನು ಬಿ.ಎ. ಓದಿದ್ದು ಅಲ್ಲಿಯೇ, ಅವರ ಕೈಕೆಳಗೆ. ಹನ್ನೆರಡಕ್ಕೆ ಅಲ್ಲಿಂದ ಬಸ್ಸು ಹಿಡಿದರೆ ಎರಡಕ್ಕೆ ಸಿಂಧನೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕೊನೆಯ ಮೂರು ಪೀರಿಯಡ್. ಎರಡೂ ಕಡೆ ಅರೆಕಾಲಿಕ. ಭಾನುವಾರ ಮಸ್ಕಿಯಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ. ಲಗ್ನದ ದಿನಗಳಲ್ಲಿ ನಿರೂಪಣೆ. ಲಗ್ನಪತ್ರಿಕೆಗೆ ನಾಲ್ಕು ಸಾಲಿನ ಪದ್ಯ ಬೇಕೆಂದರೆ ಅದೂ ಅವರೇ. ಲಿಂಗಸುಗೂರಿನವರು ಅವರನ್ನು ಮಸ್ಕಿ ಸರ್ ಎನ್ನುತ್ತಿದ್ದರು, ಸಿಂಧನೂರಿನವರು ಲಿಂಗಸುಗೂರು ಸರ್ ಎನ್ನುತ್ತಿದ್ದರು. ಮಸ್ಕಿಯಲ್ಲಿ ಮಾತ್ರ ಅವರು ಯಾವಾಗ ಸಿಗುತ್ತಾರೆ ಎಂದು ಯಾರಿಗೂ ಖಾತ್ರಿ ಇರಲಿಲ್ಲ.

ಮಧ್ಯಾಹ್ನದ ಆ ಬಸ್ಸು ಮಸ್ಕಿಯಲ್ಲಿ ಹತ್ತು ನಿಮಿಷ ನಿಲ್ಲುತ್ತಿತ್ತು. ಸರ್ ಇಳಿಯುತ್ತಿರಲಿಲ್ಲ, ಇಳಿದರೆ ಸೀಟು ಹೋಗುತ್ತಿತ್ತು. ಅವರ ಮಗಳು, ಆಗ ಹತ್ತು ವರ್ಷದವಳು, ರಜೆಯ ದಿನಗಳಲ್ಲಿ ಬುತ್ತಿ ತಂದು ಕಿಟಕಿಗೆ ಎತ್ತಿ ಕೊಡುತ್ತಿದ್ದಳು. ಶಾಲೆ ಇದ್ದ ದಿನ ಹೆಂಡತಿ ಬರುತ್ತಿದ್ದರು. ದಿನಾ ತನ್ನ ಊರಿನ ಮೇಲೆಯೇ ಹಾದುಹೋಗಿ ತನ್ನ ಮನೆಯಲ್ಲಿ ಉಣ್ಣದ ಮನುಷ್ಯ ಅವರೊಬ್ಬರೇ ಇರಬೇಕು. "ಎಡಗಡೆ ಕುಂದ್ರು ತಮ್ಮಾ, ಮಧ್ಯಾಹ್ನ ಸಿಂಧನೂರಿಗೆ ಹೋಗುವಾಗ ಎಡಗಡೆಗೆ ಬಿಸಿಲು ಕಡಿಮಿ" ಎಂದು ನನಗೆ ಹೇಳಿಕೊಟ್ಟಿದ್ದರು. ಹನ್ನೊಂದು ವರ್ಷ ಅದೇ ರಸ್ತೆಯಲ್ಲಿ ಓಡಾಡಿ ಕಲಿತ ವಿದ್ಯೆ ಅದು.

ನಾನೂ ಅದೇ ಬಸ್ಸಿನವನಾಗಿದ್ದೆ. ಆಗ ಅಂಗಡಿ ಹೊಸದು, ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಸರ್ ಸಿಂಧನೂರಿನ ಕಾಲೇಜಿನ ಪ್ರಾಚಾರ್ಯರಿಗೆ ಹೇಳಿ ಆಫೀಸಿನಲ್ಲಿ ನನಗೊಂದು ಟೈಪಿಂಗ್ ಕೆಲಸ ಕೊಡಿಸಿದ್ದರು. ಬೆಳಿಗ್ಗೆ ಅಂಗಡಿ, ಮಧ್ಯಾಹ್ನದ ಮೇಲೆ ಕಾಲೇಜು. ಬಸ್ಸು ಹತ್ತಿ ಅವರ ಪಕ್ಕ ಕೂತರೆ ರೊಟ್ಟಿಯ ಗಂಟು ಬಿಚ್ಚಿ, ಶೇಂಗಾ ಹಿಂಡಿಯನ್ನು ಎರಡು ಪಾಲು ಮಾಡಿ, ನನ್ನ ಪಾಲು ಮೊದಲು ಕೊಡುತ್ತಿದ್ದರು. ಕಾಲುವೆ ದಾಟಿ ಭತ್ತದ ಗದ್ದೆ ಶುರುವಾಗುವ ಹೊತ್ತಿಗೆ ಊಟ ಮುಗಿದಿರುತ್ತಿತ್ತು. ಆಮೇಲೆ ಅವರು ಸಣ್ಣಗೆ ಕಣ್ಣು ಮುಚ್ಚುತ್ತಿದ್ದರು. ಸಿಂಧನೂರಿನ ಮೊದಲ ರೈಸ್ ಮಿಲ್ಲು ಬಂದ ಕೂಡಲೇ ಯಾರೂ ಎಬ್ಬಿಸದೆ ಎಚ್ಚರಾಗುತ್ತಿದ್ದರು.

ಅವರಿಗೆ ತಮ್ಮ ಮೇಲೆಯೇ ನಗುವ ಗುಣ ಇತ್ತು. ನಮ್ಮ ಊರಿನ ಬಂಡೆಯ ಮೇಲೆ ಎರಡು ಸಾವಿರ ವರ್ಷದ ಹಿಂದಿನ ರಾಜನ ಹೆಸರು ಕೊರೆದಿದೆ, ಅದಕ್ಕಾಗಿಯೇ ಮಸ್ಕಿ ಪುಸ್ತಕಗಳಲ್ಲಿ ಬರುತ್ತದೆ. ಅದನ್ನು ನೋಡಲು ವಿದ್ಯಾರ್ಥಿಗಳನ್ನು ಕರೆದುಕೊಂಡು ಬಂದಾಗ ಸರ್ ಹೇಳಿದ್ದರು: "ನೋಡ್ರಲೇ, ಅಂವ ಒಂದ್ಸಲ ಬರೆಸಿದಾ, ಪರ್ಮನೆಂಟ್ ಆದ. ನಂದು ವರ್ಷ ವರ್ಷ ಬರೀತಾರ, ವರ್ಷ ವರ್ಷ ಅಳಸ್ತಾರ." ಹುಡುಗರು ನಕ್ಕರು. ನಾನೂ ನಕ್ಕೆ. ಇನ್ನೊಮ್ಮೆ ಬಸ್ಸಿನಲ್ಲಿ, "ಮೂರು ಅರ್ಧ ಕೂಡಿಸಿದ್ರ ಒಂದೂವರಿ ಆಗಬೇಕು ಹೌದಲ್ಲೋ? ನನಗ್ಯಾಕ ಒಂದೂ ಆಗವಲ್ದು?" ಎಂದರು. ಅವತ್ತು ಅವರು ನಗಲಿಲ್ಲ...

ನಿರೂಪಣೆಗೆ ಹೋದಲ್ಲೆಲ್ಲ ಶಾಲು ಹೊದಿಸುತ್ತಿದ್ದರು. ಅವರ ಮನೆಯಲ್ಲಿ ಒಂದು ಟ್ರಂಕು ತುಂಬ ಶಾಲುಗಳಿದ್ದವು. ಹೆಂಡತಿ ಅವನ್ನು ಒಂದರ ಮೇಲೊಂದು ಇಟ್ಟು ಕೌದಿ ಹೊಲಿದಿದ್ದರು. "ಸನ್ಮಾನದ ಮ್ಯಾಲೆ ಮಲಗೂ ಗಂಡಸು ಊರಾಗ ಇವರೊಬ್ರೇ" ಎಂದು ಆ ತಾಯಿ ಕಾಡಿಸುತ್ತಿದ್ದರು. ಸರ್ ಹೆಚ್ಚಾಗಿ ನಿರೂಪಣೆ ಮಾಡುತ್ತಿದ್ದದ್ದು ಬೇರೆಯವರ ನಿವೃತ್ತಿಯ ಸಮಾರಂಭಗಳಿಗೆ. ಮೂವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ಎದ್ದವರ ಬಗ್ಗೆ ಎಷ್ಟು ಚಂದ ಮಾತಾಡುತ್ತಿದ್ದರೆಂದರೆ, ಆ ಕುರ್ಚಿಯವರೇ ಕಣ್ಣೊರೆಸಿಕೊಳ್ಳುತ್ತಿದ್ದರು.

ಲಿಂಗಸುಗೂರು ಕಾಲೇಜಿನಲ್ಲಿ ಇತಿಹಾಸದ ಕಾಯಂ ಉಪನ್ಯಾಸಕರು ನಿವೃತ್ತರಾದಾಗಲೂ ಸರ್ ಅವರದೇ ನಿರೂಪಣೆ. ಫೋಟೊ ತೆಗೆಯಲು ನಾನು ಹೋಗಿದ್ದೆ. ನಿವೃತ್ತರಾದ ಹಿರಿಯರು ವೇದಿಕೆಯ ಮೇಲೆಯೇ ಸರ್ ಕೈ ಹಿಡಿದು, "ಇನ್ನ ಈ ಕುರ್ಚಿ ನಿಂದಪಾ" ಎಂದರು. ಜನ ಚಪ್ಪಾಳೆ ಹೊಡೆದರು. ಸರ್ ಮೈಕಿನಿಂದ ಮುಖ ತಿರುಗಿಸಿದರು. ನನ್ನ ಕ್ಯಾಮೆರಾದಲ್ಲಿ ಅವರ ಬೆನ್ನಷ್ಟೇ ಬಂತು.

ಆ ಹುದ್ದೆಗೆ ಅರ್ಜಿ ಕರೆದರು. ವಯಸ್ಸಿನ ಮಿತಿಗೆ ಸರ್‌ಗೆ ಅದೇ ಕೊನೆಯ ವರ್ಷ. ಅದು ತಪ್ಪಿದರೆ ಆಮೇಲೆ ಯಾವ ಕಾಯಂ ಹುದ್ದೆಗೂ ಅವರು ಅರ್ಜಿ ಹಾಕುವಂತಿರಲಿಲ್ಲ. ಕೆಲಸ ಮಾಡಿದ ಪ್ರತಿಯೊಂದು ಕಾಲೇಜಿನಿಂದ ಅನುಭವದ ಪ್ರಮಾಣಪತ್ರವನ್ನು ಮುಚ್ಚಿದ ಲಕೋಟೆಯಲ್ಲಿ ತರಬೇಕೆಂದು ಟ್ರಸ್ಟಿನವರು ಹೇಳಿದ್ದರು. ಬಸ್ಸಿನಲ್ಲಿ ಸರ್ ನನಗೆ ಹೇಳಿದರು: "ತಮ್ಮಾ, ನಮ್ಮ ಸಿಂಧನೂರು ಕಾಲೇಜಿಂದು ಒಂದು ಬೇಕು. ಇದ್ದದ್ದು ಇದ್ದಂಗ ಬರಿ, ಸಾಕು."

ಇದ್ದದ್ದು ಇದ್ದಂಗೆ ಬರೆಯಬೇಕಿತ್ತು ನಾನು. ಕಂಪ್ಯೂಟರಿನ ಮುಂದೆ ಕೂತು ಅವರ ಹೆಸರು, ವಿಷಯ, ವರ್ಷಗಳನ್ನು ಹಾಕಿದೆ. 'ಅರೆಕಾಲಿಕ' ಎಂಬಲ್ಲಿಗೆ ಬಂದಾಗ ಕೈ ನಿಂತಿತು. ಅರೆಕಾಲಿಕ ಅನುಭವವನ್ನು ಅರ್ಧವೇ ಲೆಕ್ಕಕ್ಕೆ ಹಿಡಿಯುತ್ತಾರೆಂದು ಆಫೀಸಿನಲ್ಲಿ ಮಾತಾಡುವುದನ್ನು ಕೇಳಿದ್ದೆ. ಉರಿಬಿಸಿಲಿನಲ್ಲಿ ಮೂರೂರು ಸುತ್ತಿದ ಮನುಷ್ಯನಿಗೆ ಅರ್ಧ ಯಾಕೆ ಎಂದು ಸಿಟ್ಟು ಬಂತು. ಕಾಯಂ ಉಪನ್ಯಾಸಕರಿಗೆ ಬರೆಯುವ ನಮೂನೆ ಕಂಪ್ಯೂಟರಿನಲ್ಲಿ ಇತ್ತು. ಅದನ್ನೇ ತೆರೆದು, 'ಪೂರ್ಣಾವಧಿ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ' ಎಂದು ಹಾಕಿದೆ. ಸಹಿಗೆ ಹೋಗುವ ಕಾಗದಗಳ ನಡುವೆ ಸೇರಿಸಿದೆ. ಪ್ರಾಚಾರ್ಯರು ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿದರು. ನಾನೇ ಮೊಹರು ಒತ್ತಿದೆ, ನಾನೇ ಲಕೋಟೆ ಅಂಟಿಸಿದೆ. ಗುರುದಕ್ಷಿಣೆ ಕೊಟ್ಟಷ್ಟು ಹಿಗ್ಗು ನನಗೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದೆ ಎಂದು ತಿಳಿದದ್ದು ಸಂದರ್ಶನದ ದಿನ.

ಅವತ್ತು ಬಸ್ಸು ಮಸ್ಕಿಗೆ ಬಂದಾಗ ಸರ್ ಎಡಗಡೆಯ ಕಿಟಕಿಯಲ್ಲೇ ಇದ್ದರು. ಮಗಳು ಬುತ್ತಿ ಕೊಟ್ಟಳು, ತೆಗೆದುಕೊಂಡರು. "ಆತೇನ್ ಅಪ್ಪಾಜಿ?" ಎಂದು ಆಕೆ ಕೇಳಿದಳು. "ಆಗತೈತಿ, ನೀ ಬಿಸಲಾಗ ನಿಂದ್ರಬ್ಯಾಡ, ಹೋಗು" ಎಂದರು. ಬಸ್ಸು ಊರು ದಾಟುವವರೆಗೂ ಗಂಟು ಬಿಚ್ಚಲಿಲ್ಲ.

"ಸರ್ಟಿಫಿಕೇಟ್ ನೀನೇ ಟೈಪ್ ಮಾಡಿದ್ಯಾ?" ಎಂದು ಕೇಳಿದರು.

"ಹೌದ್ರಿ ಸರ್."

"ಪೂರ್ಣಾವಧಿ ಅಂತ ಹಾಕೀಯಲ್ಲ."

"ನಿಮಗ ಚಲೋ ಆಗಲಿ ಅಂತ ಹಾಕೀನ್ರಿ ಸರ್..."

ಅವರು ಕಿಟಕಿಯ ಹೊರಗೆ ನೋಡಿದರು. "ಲಿಂಗಸುಗೂರಿನವರು ತಮ್ಮ ರಜಿಸ್ಟರ್ ತಗದ್ರು. ಅದರಾಗ ನಾ ದಿನಾ ಎಂಟರಿಂದ ಹನ್ನೆರಡರತನಕ ಹಾಜರ್. ನಿನ್ನ ಕಾಗದದಾಗ ಹತ್ತರಿಂದ ಐದು ಸಿಂಧನೂರಾಗ ಹಾಜರ್. ಒಂದೇ ಹೊತ್ತಿಗೆ ಎರಡೂರಾಗ ಹೆಂಗಿದ್ರಿ ಅಂತ ಕೇಳಿದ್ರು. ಏನ್ ಹೇಳ್ಲಿ?"

ಸರ್ ಬೈದಿದ್ದರೆ ಒಳ್ಳೆಯದಿತ್ತು, ಬೈಯಲಿಲ್ಲ. ಟ್ರಸ್ಟಿನವರು ಮೂರು ದಿನ ಕೊಟ್ಟಿದ್ದಾರೆ ಎಂದರು. ಸಿಂಧನೂರಿನ ಪ್ರಾಚಾರ್ಯರು 'ಇದು ನಮ್ಮ ಆಫೀಸಿನ ತಪ್ಪು' ಎಂದು ಒಂದು ಚೀಟಿ ಕೊಟ್ಟರೆ ಹಳೆಯ ಕಾಗದ ತೆಗೆದು ಹೊಸದು ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಸರ್ ಸುಳ್ಳು ಪ್ರಮಾಣಪತ್ರ ತಂದರೆಂದೇ ಅರ್ಥ. "ನೀನೇ ಒಂದ್ ಮಾತು ಹೇಳಿ ಬರೆಸ್ಕೊಂಡು ಬಾ" ಎಂದರು. "ಇವತ್ತೇ ಮಾಡ್ತೀನ್ರಿ ಸರ್" ಎಂದೆ. ಹೇಳುವಾಗ ಖರೇನೇ ಮಾಡುವವನಿದ್ದೆ.

ಅವತ್ತು ಪ್ರಾಚಾರ್ಯರ ಕೋಣೆಯ ಬಾಗಿಲಿಗೆ ಎರಡು ಸಲ ಹೋದೆ. ನನಗಿಂತ ಮೊದಲು ಇದ್ದ ಟೈಪಿಸ್ಟನನ್ನು ಒಂದು ಪರೀಕ್ಷೆಯ ತಾರೀಕು ತಪ್ಪು ಹೊಡೆದದ್ದಕ್ಕೆ ಅವತ್ತೇ ಸಂಜೆ ಕಳಿಸಿದ್ದರು. ನಾನು ಮಾಡಿದ್ದು ತಪ್ಪಲ್ಲ, ಬೇಕೆಂದೇ ಬರೆದ ಸುಳ್ಳು. ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು. ಅಂಗಡಿಯಲ್ಲಿ ದಿನಕ್ಕೆ ಹತ್ತು ಜನ ಬಂದರೆ ಹೆಚ್ಚು. ಮೂರನೆಯ ಸಲ ಒಳಗೆ ಹೋದೆ, "ಏನು?" ಎಂದು ಅವರು ಕೇಳಿದ ಕೂಡಲೇ ನಾಲಿಗೆ ಹೊರಳಿ, "ಪ್ರಿಂಟರಿಗೆ ಇಂಕು ಬೇಕಾಗೇದ್ರಿ" ಎಂದು ಹೇಳಿ ಹೊರಗೆ ಬಂದೆ. ನನ್ನ ಹೇಡಿತನಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಮರುದಿನ ಬಸ್ಸಿನಲ್ಲಿ ಸರ್ ಏನನ್ನೂ ಕೇಳಲಿಲ್ಲ. ನಾನೇ ಹೇಳಿದೆ: "ಪ್ರಾಚಾರ್ಯರು ಊರಾಗಿಲ್ರಿ ಸರ್. ಕಲಬುರಗಿಗೆ ಹೋಗ್ಯಾರ." ಅದನ್ನು ಹೇಳುವಾಗ ನನಗೆ ಒಂದು ವಿಷಯ ಹೊಳೆದಿರಲಿಲ್ಲ. ಸರ್ ಕೂಡ ಅದೇ ಕಾಲೇಜಿನಲ್ಲೇ ಪಾಠ ಮಾಡುವವರು.

ಅವತ್ತು ಕೊನೆಯ ಪೀರಿಯಡ್ಡಿನ ಹೊತ್ತಿಗೆ ನಾನು ಆಫೀಸಿನ ಕಿಟಕಿಯಿಂದ ನೋಡುತ್ತಿದ್ದೆ. ಪ್ರಾಚಾರ್ಯರು ಪಡಸಾಲೆಯಲ್ಲಿ ಬರುತ್ತಿದ್ದರು. ಎದುರಿಗೆ ಹಾಜರಿ ಪುಸ್ತಕ ಹಿಡಿದು ಸರ್. ಇಬ್ಬರೂ ನಿಂತರು. ಸರ್ ಕೈ ಮುಗಿದರು. ಪ್ರಾಚಾರ್ಯರು ಏನೋ ಕೇಳಿದರು, ಸರ್ ನಕ್ಕು ತಲೆಯಾಡಿಸಿದರು. ಒಂದು ಮಾತು, ಒಂದೇ ಮಾತು ಸಾಕಿತ್ತು ಅವರಿಗೆ. ನಾನು ಗೋಡೆಗೆ ಆನಿಕೊಂಡು ನಿಂತೆ. ಸರ್ ಮುಂದೆ ಹೋಗಿ ಕ್ಲಾಸಿನ ಒಳಗೆ ನಡೆದರು.

ಸಂಜೆ ಬಸ್ಸಿನಲ್ಲಿ ನನ್ನ ಪಕ್ಕವೇ ಕೂತರು. ಮಸ್ಕಿ ಹತ್ತಿರ ಬಂದಾಗ, "ಪ್ರಾಚಾರ್ಯರು ಊರಾಗಿಲ್ಲ ಅಂದ್ಯಲ್ಲ..." ಎಂದರು. "ಹೌದು. ನನಗೂ ಸಿಗಲಿಲ್ಲ" ಎಂದು ಹೇಳಿ, ಚೀಲ ಹೆಗಲಿಗೆ ಹಾಕಿಕೊಂಡು ಇಳಿದರು.

ಮೂರನೆಯ ದಿನವೂ ಹೋಯಿತು. ಲಿಂಗಸುಗೂರು ಕಾಲೇಜಿನ ಜವಾನ ಆಮೇಲೆ ನನಗೆ ಹೇಳಿದ. ಅವತ್ತು ಟ್ರಸ್ಟಿನವರು ಕೇಳಿದಾಗ ಸರ್, "ಯಾರದೂ ತಪ್ಪಿಲ್ಲ, ನಾನೇ ಹಂಗ ಬರೆಸ್ಕೊಂಡೀನಿ" ಎಂದರಂತೆ. ಹುದ್ದೆ ಬೇರೆಯವರಿಗೆ ಹೋಯಿತು. ಜೂನಿನಿಂದ ಬೆಳಗಿನ ಪಾಠಕ್ಕೂ ಬರುವುದು ಬೇಡವೆಂದರು. ಸುದ್ದಿ ಸಿಂಧನೂರಿಗೂ ಮುಟ್ಟಿತು. ಅಲ್ಲಿ ಯಾರು ಟೈಪ್ ಮಾಡಿದರೆಂದು ಯಾರೂ ವಿಚಾರಿಸಲಿಲ್ಲ, ಸರ್ ಒಪ್ಪಿಕೊಂಡಾಗಿತ್ತಲ್ಲ. ಮಕ್ಕಳು ಕಡಿಮೆಯಾಗಿದ್ದಾರೆ ಎಂಬ ನೆವ ಹೇಳಿ ಮರುವರ್ಷ ಅವರ ಪೀರಿಯಡ್ಡುಗಳನ್ನು ತೆಗೆದರು. ಹನ್ನೊಂದು ವರ್ಷ ಓಡಾಡಿದ ಮನುಷ್ಯ ಮಧ್ಯಾಹ್ನದ ಹೊತ್ತು ಮನೆಯಲ್ಲಿ ಉಣ್ಣತೊಡಗಿದರು. ನಾನು ಒಬ್ಬನೇ ಬಸ್ಸು ಹತ್ತುತ್ತಿದ್ದೆ. ಎಡಗಡೆ ಕೂಡುತ್ತಿರಲಿಲ್ಲ.

ಅವರು ನನ್ನನ್ನು ಯಾಕೆ ಉಳಿಸಿದರು? ಕರುಣೆಯಿಂದಲೋ, ಅಥವಾ ಇಂಥವನ ಬಾಯಿಂದ ಬರುವ ಸತ್ಯವೂ ಬೇಡ ಎಂಬ ಹೇಸಿಗೆಯಿಂದಲೋ... ಎಷ್ಟೋ ಸಲ ಕೇಳಿಕೊಂಡಿದ್ದೇನೆ. ನನ್ನ ಹೆಂಡತಿ ಹೆತ್ತಾಗ ಅವರ ಹೆಂಡತಿ ಒಂದು ಶಾಲಿನ ಕೌದಿ ತಂದು ಕೂಸಿಗೆ ಹೊದಿಸಿದರು. ಸರ್ ಕಳಿಸಿದ್ದಂತೆ. ಅದು ಮನೆಯಲ್ಲಿದ್ದಷ್ಟು ದಿನ ನಾನು ಆ ಕೂಸಿನ ಹತ್ತಿರ ಹೋಗಲು ಹಿಂಜರಿಯುತ್ತಿದ್ದೆ.

ಆಮೇಲೆ ಸರ್ ತರಬೇತಿ, ನಿರೂಪಣೆ, ವಿಮೆಯ ಏಜೆಂಟು, ಕಾಲುವೆಯ ನೀರಿಗಾಗಿ ವಲಸೆ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗು ರೈತರ ಅರ್ಜಿಗಳನ್ನು ಕನ್ನಡಕ್ಕೆ ಮಾಡಿಕೊಡುವುದು, ಹೀಗೆ ಕೈಗೆ ಸಿಕ್ಕದ್ದನ್ನೆಲ್ಲ ಮಾಡಿದರು. ಅರ್ಧಗಳ ಸಂಖ್ಯೆ ಹೆಚ್ಚಾಯಿತು, ಅಷ್ಟೇ. ಒಂದು ಸಲ ಲಗ್ನಪತ್ರಿಕೆಯ ಪ್ರೂಫ್ ನೋಡಲು ನನ್ನ ಅಂಗಡಿಗೆ ಬಂದಿದ್ದರು. ಬೇರೆ ಯಾರೂ ಇರಲಿಲ್ಲ. ಧೈರ್ಯ ಮಾಡಿ, "ಸರ್, ಅವತ್ತು ಪ್ರಾಚಾರ್ಯರು ಊರಾಗ..." ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು, "ಮದಿಮಗನ ಮುತ್ಯಾನ ಹೆಸರು ಬಿಟ್ಟೀಯಲ್ಲೋ. ಅವರು ಲಗ್ನಕ್ಕ ಬರೂದಿಲ್ಲ ನೋಡು" ಎಂದರು. ನಾನು ಆ ಅಜ್ಜನ ಹೆಸರು ಸೇರಿಸಿದೆ. ಆ ಮಾತು ಅಲ್ಲಿಗೇ ನಿಂತಿತು.

ನಾಲ್ಕು ವರ್ಷದ ಹಿಂದೆ ಸಾಲಗುಂದದ ಒಂದು ಮದುವೆಯಲ್ಲಿ ನಿರೂಪಣೆ ಮುಗಿಸಿ ವೇದಿಕೆ ಇಳಿದವರು ಎದೆ ಹಿಡಿದುಕೊಂಡು ಕೂತರಂತೆ. ಸಿಂಧನೂರು ಮುಟ್ಟುವುದರೊಳಗೆ ಹೋಗಿಬಿಟ್ಟರು. ಹೆಗಲ ಮೇಲೆ ಅಲ್ಲಿ ಹೊದಿಸಿದ ಶಾಲು ಹಾಗೇ ಇತ್ತು. ಮಣ್ಣು ಕೊಡಲು ಮೂರೂ ಊರಿನ ಜನ ಬಂದಿದ್ದರು. ಶ್ರದ್ಧಾಂಜಲಿಯ ಬ್ಯಾನರನ್ನು ನಾನೇ ಮಾಡಿಕೊಟ್ಟೆ. ಹೆಸರಿನ ಕೆಳಗೆ ಏನು ಬರೆಯಬೇಕೆಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ಏನನ್ನೂ ಬರೆಯದೆ ಫೋಟೊ ದೊಡ್ಡದು ಮಾಡಿದೆ.

ಇವನ್ನೆಲ್ಲ ನಾನು ಯಾರ ಮುಂದೂ ಹೇಳಿದವನಲ್ಲ. ಹೋದ ವಾರವೇ ಸರ್ ಅವರ ಮಗಳು ಅಂಗಡಿಗೆ ಬಂದಿದ್ದಳು. ಬೆಳಿಗ್ಗೆ ಸಂತೆಕಲ್ಲೂರಿನ ಒಂದು ಶಾಲೆಯಲ್ಲಿ ಪಾಠ, ಮಧ್ಯಾಹ್ನ ಇಲ್ಲಿಯ ಕಂಪ್ಯೂಟರ್ ಸೆಂಟರಿನಲ್ಲಿ, ಸಂಜೆ ಮನೆಪಾಠ. ಆಕೆಯದೂ ಅದೇ ಹಾಡು. ಒಂದು ಕೆಲಸಕ್ಕೆ ಅರ್ಜಿ ತುಂಬಬೇಕಿತ್ತು. ಆಕೆ ಹೇಳುತ್ತಾ ಹೋದಳು, ನಾನು ಟೈಪ್ ಮಾಡುತ್ತಾ ಹೋದೆ. ತಂದೆಯ ಉದ್ಯೋಗ ಎಂಬ ಕಾಲಮ್ಮು ಬಂತು. ನಾನು ಕೇಳದೆಯೇ 'ಉಪನ್ಯಾಸಕರು' ಎಂದು ಹೊಡೆದೆ.

"ಅರೆಕಾಲಿಕ ಅಂತ ಸೇರಸ್ರಿ ಅಣ್ಣಾ" ಎಂದಳು. "ಆ ಒಂದು ಮಾತು ಬಿಟ್ಟಿದ್ದಕ್ಕ ಅಪ್ಪಾಜಿಗೆ ಏನೇನಾತು ನಿಮಗೂ ಗೊತ್ತೈತೆಲ್ಲ."

ನಾನು ಆ ಪದ ಸೇರಿಸಿದೆ. ಆಕೆಯೇ ಮುಂದುವರಿಸಿದಳು. "ಬರೆಸ್ಕೊಂಡಾವ ನಾನಲ್ಲ, ಯಾರೋ ಒಬ್ಬಾಂವ ತಾನಾಗೇ ಬರದಾನ ಅಂತ ಅಪ್ಪಾಜಿ ಮನ್ಯಾಗ ಅಷ್ಟೇ ಹೇಳಿದ್ರು. ಅವ್ವ ಎಷ್ಟು ಸಲ ಹೆಸರು ಕೇಳಿದ್ರೂ ಹೇಳಲಿಲ್ರಿ. ಪಾಪ, ಅಂವಂದೂ ಅರ್ಧ ಹೊಟ್ಟಿ, ಬಿಡು ಅಂತಿದ್ರು."

ಇಷ್ಟು ವರ್ಷ ನುಂಗಿದ್ದು ತಾನಾಗಿಯೇ ಹೊರಗೆ ಬಂತು. "ಅದನ್ನ ಟೈಪ್ ಮಾಡಿದಾಂವ ನಾನವ್ವಾ. ಪ್ರಾಚಾರ್ಯರು ಊರಾಗಿಲ್ಲ ಅಂತ ಸುಳ್ಳು ಹೇಳಿದಾಂವನೂ ನಾನೇ" ಎಂದೆ. ಮೂರು ದಿನದ ಕಥೆ ಪೂರ್ತಿ ಹೇಳಿದೆ. ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ.

ಆಕೆ ಪರದೆಯನ್ನೇ ನೋಡಿದಳು. ಅಳುತ್ತಾಳೆ ಅಥವಾ ಬೈಯುತ್ತಾಳೆ ಎಂದು ಕಾದೆ.

"ಆ ಮೂರು ದಿನದಾಗ ನೀವು ಒಂದ್ ಮಾತು ಹೇಳಿದ್ರ ಏನಾಗತಿತ್ರಿ?" ಎಂದು ಕೇಳಿದಳು.

"ನನ್ನ ಕೆಲಸ ಹೋಗತಿತ್ತು."

"ಎಷ್ಟು ತಾಸಿನ ಕೆಲಸಿತ್ತು ನಿಮ್ದು?"

"ಮೂರು ತಾಸಿಂದು."

ಆಕೆ ತಲೆಯಾಡಿಸಿದಳು. ಪ್ರಿಂಟು ತೆಗೆದುಕೊಂಡು, ಮಡಚದೆ, ಫೈಲಿನೊಳಗೆ ಇಟ್ಟುಕೊಂಡಳು. ಹೊರಗೆ ಸಂತೆಕಲ್ಲೂರಿನ ಆಟೋದವನು ಕೂಗುತ್ತಿದ್ದ. ಹೋದಳು. ಮತ್ತೆ ಈ ಕಡೆ ಬಂದಿಲ್ಲ, ಬರುವುದೂ ಇಲ್ಲ.

ಆ ಮೂರು ತಾಸಿನ ಕೆಲಸ ಎರಡು ವರ್ಷವೂ ಉಳಿಯಲಿಲ್ಲ. ಕಾಲೇಜಿನಲ್ಲಿ ಎಲ್ಲ ಆನ್‌ಲೈನ್ ಆಯಿತು, ಟೈಪ್ ಮಾಡುವವನು ಬೇಡವಾದ. ಅದನ್ನು ಮಾತ್ರ ನಾನು ಆಕೆಗೆ ಹೇಳಲಿಲ್ಲ.